ಸನ್ನಿ, ಉಮ್ಮತ್ತಿ, ಮಾತ್ರೆ ಡಬ್ಬಿ

ನಮ್ಮ ಕಡೆ ಹಳೇ ಹೆಂಗಸರ ಬಾಯಲ್ಲಿ ತಲೆ ಕೆಡೋದಕ್ಕೆ ಮೂರು ಬೇರೆ ಬೇರೆ ಮಾತಿತ್ತು. ವರ್ಷಾನುಗಟ್ಟಲೆ ನಿಧಾನವಾಗಿ ಮರೆವು ಏರ್ತಾ ಬಂದ್ರೆ ಅರಳುಮರಳು. ವಯಸ್ಸಿಗೂ ಜ್ವರಕ್ಕೂ ಸಂಬಂಧ ಇಲ್ಲದೆ ಮನಸ್ಸೇ ಬೇರೆ ದಾರಿ ಹಿಡಿದ್ರೆ ಹುಚ್ಚು. ನಿನ್ನೆ ರಾತ್ರಿ ನೆಟ್ಟಗೆ ಊಟ ಮಾಡಿ ಮಲಗಿದೋರು ಇವತ್ತು ಬೆಳಿಗ್ಗೆ ಏನೇನೋ ಬಡಬಡಿಸಿದ್ರೆ ಸನ್ನಿ. ಜ್ವರದ ಸನ್ನಿ, ಬಾಣಂತಿ ಸನ್ನಿ, ಹೀಗೆ ಅದರಲ್ಲೂ ಬಗೆ ಇತ್ತು. ಸಂಸ್ಕೃತದ ಸನ್ನಿಪಾತ ಅನ್ನೋದೇ ಸವೆದು ಸನ್ನಿ ಆಗಿದೆ. ವಾತ ಪಿತ್ತ ಕಫ ಮೂರೂ ಒಟ್ಟಿಗೆ ಕೆಟ್ಟು ಮೈಮೇಲೆ ಬೀಳೋದು ಅಂತ ಆಯುರ್ವೇದದೋರ ಲೆಕ್ಕ.

ಮೂರು ಮಾತಿಗೂ ಮನೇಲಿ ಬೇರೆ ಬೇರೆ ನಡವಳಿಕೆ ಇತ್ತು. ಅರಳುಮರಳು ಅಂದ್ರೆ ಯಾರೂ ಎದ್ದು ಓಡ್ತಿರಲಿಲ್ಲ, ಸೈರಿಸ್ಕೊಂಡು ಹೋಗ್ತಿದ್ರು. ಸನ್ನಿ ಅಂದ್ರೆ ಅಡುಗೆ ಬಿಟ್ಟು ಓಡ್ತಿದ್ರು. ಬಂದ ಸನ್ನಿ ಇಳಿದ್ರೂ ಇಳೀಬಹುದು, ಆಳನ್ನೇ ತಗೊಂಡು ಹೋದ್ರೂ ಹೋಗಬಹುದು ಅಂತ ಗೊತ್ತಿತ್ತು.

ಈಗ ನಮ್ಮ ಹೂಟಗಳ್ಳೀಲಿ ಮೂರಕ್ಕೂ ಒಂದೇ ಮಾತು, ‘ವಯಸ್ಸಾಯ್ತಲ್ಲ’. ಸ್ವಲ್ಪ ಓದ್ಕೊಂಡೋರು ‘ಡಿಮೆನ್ಶಿಯಾ ಇರಬೇಕು’ ಅಂತಾರೆ. ಸನ್ನಿ ಅನ್ನೋ ಮಾತು ಬೈಗುಳಕ್ಕೆ ಮಾತ್ರ ಉಳಿದಿದೆ. ಅದು ಸಣ್ಣ ನಷ್ಟ ಅಂತ ನನಗೆ ಅನ್ನಿಸೋದಿಲ್ಲ. ಯಾಕಂದ್ರೆ ವಯಸ್ಸಾದೋರಿಗೆ ಬರೋ ಸನ್ನಿಗೆ ಒಂದು ದೊಡ್ಡ ಕಾರಣ, ನಾವೇ ದಿನಾ ನೀರಿನ ಲೋಟದ ಜೊತೆ ಕೈಗೆ ಕೊಡೋ ಮಾತ್ರೆ. ಕಾಯಿಲೆ ವಾಸಿಮಾಡೋ ವಸ್ತುವೇ ಬುದ್ಧಿ ಕೆಡಿಸೋದು ಹೊಸ ಸಂಗತಿಯೂ ಅಲ್ಲ. ನಮ್ಮ ಮಾತಿನಲ್ಲೇ ಅದು ಕೂತಿದೆ. ಮದ್ದು ಅಂದ್ರೆ ಔಷಧಿ. ‘ಯಾರೋ ಮದ್ದು ಹಾಕಿದಾರೆ’ ಅಂದ್ರೆ? ಆ ಮದ್ದಿನ ಅರ್ಥ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಥೆ ಶುರು ಮಾಡೋಕೆ ದೂರ ಹೋಗಬೇಕಾಗಿಲ್ಲ. ಕೆಎಚ್‌ಬಿ ಕಾಲೊನಿ ಖಾಲಿ ಸೈಟುಗಳಲ್ಲಿ, ಕಾರ್ಖಾನೆ ಕಾಂಪೌಂಡಿನ ಪಕ್ಕ, ಮಳೆ ಬಿದ್ದ ಮೇಲೆ ಏಳೋ ಉಮ್ಮತ್ತಿ ಗಿಡ ನೋಡಿದೀರಲ್ಲ? ತುತ್ತೂರಿ ಹಾಗೆ ಬಿಳಿ ಹೂವು, ಮುಳ್ಳು ಮುಳ್ಳು ಕಾಯಿ. ದತ್ತೂರಿ ಅಂತಲೂ ಅಂತಾರೆ. ಶಿವರಾತ್ರಿಗೆ ಈಶ್ವರನಿಗೆ ಏರಿಸ್ತೀವಿ, ಆದ್ರೆ ಮಕ್ಕಳನ್ನ ಮುಟ್ಟೋಕೆ ಬಿಡೋದಿಲ್ಲ. ಉನ್ಮತ್ತ ಅನ್ನೋದೇ ಉಮ್ಮತ್ತಿ ಆಗಿರೋದು. ಹುಚ್ಚು ಹಿಡಿದವನಿಗೂ ಗಿಡಕ್ಕೂ ಒಂದೇ ಹೆಸರು. ಹೆಸರಿಟ್ಟೋರಿಗೆ ಅದರ ಗುಣ ಚೆನ್ನಾಗಿ ಗೊತ್ತಿತ್ತು ಅಂತಾಯ್ತು.

ಗೊತ್ತಿದ್ದೂ ಅದನ್ನ ಔಷಧಿ ಮಾಡ್ಕೊಂಡಿದ್ರು. ಉಬ್ಬಸಕ್ಕೆ ಕೊಡೋ ಕನಕಾಸವದಲ್ಲಿ ಇರೋ ಕನಕ ಇದೇ ಉಮ್ಮತ್ತಿ. ಕನಕ ಅಂದ್ರೆ ಚಿನ್ನ ಅಂದ್ಕೊಂಡಿದ್ರೆ, ಇಲ್ಲ. ಹುಚ್ಚುನಾಯಿ ಕಚ್ಚಿದ್ರೂ ಹಳ್ಳಿಗಳಲ್ಲಿ ಉಮ್ಮತ್ತಿ ಕೊಡ್ತಿದ್ರು. (ಈಗ ಯಾರೂ ಹಾಗೆ ಮಾಡ್ಬೇಡಿ, ಇಂಜೆಕ್ಷನ್ನೇ ಗತಿ.)

ಕಳ್ಳರಿಗೂ ಅದು ಔಷಧಿ. ಪೋರ್ಚುಗೀಸರ ವೈದ್ಯ ಗಾರ್ಸಿಯಾ ದ ಓರ್ಟಾ ಗೋವಾದಲ್ಲಿ 1563ರಲ್ಲಿ ಅಚ್ಚು ಹಾಕಿಸಿದ ಔಷಧಿಗಳ ಪುಸ್ತಕದಲ್ಲಿ ಉಮ್ಮತ್ತಿ ವಿಷಯ ಬರುತ್ತೆ. ಊಟಕ್ಕೆ ಬೆರೆಸಿ ಕೊಟ್ಟು, ತಿಂದೋರು ಭ್ರಮೆ ಹಿಡಿದು ನಗ್ತಾ ಕೂತಿರುವಾಗ ಮನೆ ದೋಚೋ ಕೆಲಸದವರ ಕಥೆ ಅದು. ಬ್ರಿಟಿಷರ ಕಾಲದಲ್ಲಿ ದಾರಿಹೋಕರಿಗೆ ಹೀಗೆ ಉಣಿಸಿ ದೋಚೋರಿಗೆ ಪೊಲೀಸ್ ಕಡತದಲ್ಲಿ ಬೇರೆ ಹೆಸರೇ ಇತ್ತು, ಧತೂರಿಯಾ ಅಂತ. ಬೀಜ ನೋಡೋಕೆ ಮೆಣಸಿನಕಾಯಿ ಬೀಜದ ಹಾಗೇ ಇರುತ್ತಲ್ಲ, ಸಾರಿಗೆ ಬಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. 1920ರಲ್ಲಿ ಮೊದಲು ಬಂದ ಜೈಸಿಂಗ್ ಮೋದಿಯವರ ವೈದ್ಯಕೀಯ ನ್ಯಾಯಶಾಸ್ತ್ರದ ಪುಸ್ತಕದಂಥವುಗಳಿಂದ ನಮ್ಮ ದೇಶದ ಡಾಕ್ಟರು ಹುಡುಗರು ಈ ಎರಡು ಬೀಜಗಳ ವ್ಯತ್ಯಾಸ ಬಾಯಿಪಾಠ ಮಾಡ್ತಾ ಬಂದಿದಾರೆ.

ಉಮ್ಮತ್ತಿ ತಿಂದೋರ ಲಕ್ಷಣ ಸ್ವಲ್ಪ ನಿಧಾನವಾಗಿ ಓದಿ, ಮುಂದೆ ಬೇಕಾಗುತ್ತೆ. ಬಾಯಿ ಒಣಗುತ್ತೆ, ನಾಲಿಗೆ ಅಂಟುತ್ತೆ. ಕಣ್ಣು ಮಂಜು, ಕಣ್ಣಿನ ಕಪ್ಪು ದೊಡ್ಡದಾಗುತ್ತೆ. ಮೈ ಬಿಸಿ, ಆದ್ರೆ ಬೆವರಿಲ್ಲ. ಮೂತ್ರ ಕಟ್ಟುತ್ತೆ. ಎದೆ ಹೊಡ್ಕೊಳ್ಳುತ್ತೆ. ಇಲ್ಲದೋರ ಜೊತೆ ಮಾತು, ಗೋಡೆ ಮೇಲೆ ಹುಳ ಕಾಣೋದು, ಬೆರಳ ತುದಿಯಿಂದ ದಾರ ಎಳೆಯೋ ಹಾಗೆ ಸುಮ್ಮನೆ ಗಾಳೀಲಿ ಎಳೀತಾ ಇರೋದು. ಇಳಿದ ಮೇಲೆ ಏನೂ ನೆನಪಿರೋದಿಲ್ಲ. 1676ರಲ್ಲಿ ಅಮೆರಿಕದ ಜೇಮ್ಸ್‌ಟೌನ್ ಅನ್ನೋ ಊರಲ್ಲಿ ಇಂಗ್ಲಿಷ್ ಸಿಪಾಯಿಗಳು ಗೊತ್ತಿಲ್ಲದೆ ಈ ಜಾತಿ ಗಿಡದ ಸೊಪ್ಪು ಬೇಯಿಸಿ ತಿಂದುಬಿಟ್ರು. ಹನ್ನೊಂದು ದಿನ ಅವರನ್ನ ಕೂಡಿಹಾಕಿ ಕಾಯಬೇಕಾಯ್ತಂತೆ. ಒಬ್ಬ ಪುಕ್ಕ ಊದ್ತಾ ಕೂತಿದ್ನಂತೆ. ಎಚ್ಚರ ಆದ ಮೇಲೆ ಒಬ್ಬನಿಗೂ ಏನೂ ನೆನಪಿಲ್ಲ.

ಗಿಡ ಮೆಡಿಕಲ್ ಶಾಪಿಗೆ ಬಂದ ದಾರಿ ಹೀಗೆ. 1802ರ ಸುಮಾರಿಗೆ ಮದ್ರಾಸಿನ ಕಂಪನಿ ಡಾಕ್ಟರು ಜೇಮ್ಸ್ ಆಂಡರ್ಸನ್ ಅವರಿಂದ ಒಬ್ಬ ದಂಡಿನ ಅಧಿಕಾರಿ ಉಬ್ಬಸಕ್ಕೆ ಉಮ್ಮತ್ತಿ ಹೊಗೆ ಎಳೆಯೋದು ಕಲ್ತು ಅದನ್ನ ಇಂಗ್ಲೆಂಡಿಗೆ ತಗೊಂಡು ಹೋದ. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಉಬ್ಬಸದ ಸಿಗರೇಟು ಅಂತ ಮಾರಾಟ ಆಯ್ತು. ಅತ್ತ ಜರ್ಮನಿಯ ರಸಾಯನ ಪಂಡಿತರು 1830ರ ದಶಕದಲ್ಲಿ ಇದೇ ಬಳಗದ ಗಿಡಗಳಿಂದ ಅಟ್ರೊಪಿನ್ ಅನ್ನೋ ಸತ್ವ ಬೇರೆ ಮಾಡಿದ್ರು. ಇದರ ತಂಗಿ ಸ್ಕೊಪೊಲಮಿನ್. ಅದನ್ನ ಮಾರ್ಫಿನ್ ಜೊತೆ ಸೇರಿಸಿ 1906ರ ಹೊತ್ತಿಗೆ ಜರ್ಮನಿಯ ಫ್ರೈಬರ್ಗ್ ಊರಲ್ಲಿ ಗೌಸ್ ಮತ್ತು ಕ್ರೋನಿಗ್ ಅನ್ನೋ ಡಾಕ್ಟರುಗಳು ಹೆರಿಗೆ ನೋವಿಗೆ ಕೊಡೋಕೆ ಶುರು ಮಾಡಿದ್ರು. ಹೆಸರು ಮುಸ್ಸಂಜೆ ನಿದ್ದೆ. ಕೇಳೋಕೆ ಚಂದ. ಆದ್ರೆ ಅದರಿಂದ ನೋವು ಹೋಗ್ತಿರಲಿಲ್ಲ, ನೋವಿನ ನೆನಪು ಹೋಗ್ತಿತ್ತು ಅಷ್ಟೆ. ತಾಯಂದಿರು ಕಿರುಚಾಡಿ ಹೊರಳಾಡ್ತಿದ್ರು, ಪೆಟ್ಟಾಗದ ಹಾಗೆ ಮಂಚಕ್ಕೆ ಮೆತ್ತೆ ಕಟ್ಟಬೇಕಾಗಿತ್ತು. ಎದ್ದು ‘ನನಗೆ ಏನೂ ಗೊತ್ತಾಗ್ಲಿಲ್ಲ’ ಅಂತಿದ್ರು. ಇದನ್ನ ಓದ್ದಾಗ ನನಗೆ ಮೈ ಜುಂ ಅಂತು.

ಈಗ ನಮ್ಮ ಮನೆಗೆ ಬರೋಣ. 1943ರಲ್ಲಿ ಅಮೆರಿಕದಲ್ಲಿ ಜಾರ್ಜ್ ರೀವ್‌ಶಿಲ್ ಅನ್ನೋರು ಡೈಫೆನ್‌ಹೈಡ್ರಮಿನ್ ಅನ್ನೋ ವಸ್ತು ಮಾಡಿದ್ರು. 1946ಕ್ಕೆ ಅದು ಬೆನಡ್ರಿಲ್ ಅಂತ ಅಂಗಡಿಗೆ ಬಂತು. ನೆಗಡಿ, ತುರಿಕೆ, ಅಲರ್ಜಿಗೆ ಕೊಡೋ ಹಳೇ ಕಾಲದ ಮಾತ್ರೆ ಸಿರಪ್ಪುಗಳೆಲ್ಲ ಅದರ ಅಕ್ಕಪಕ್ಕದವು. ಇವು ಉಮ್ಮತ್ತಿಯಿಂದ ಮಾಡಿದ್ದಲ್ಲ. ಆದ್ರೆ ಮೈಯೊಳಗೆ ಮಾಡೋ ಕೆಲಸಗಳಲ್ಲಿ ಒಂದು ಮಾತ್ರ ಉಮ್ಮತ್ತಿಯದ್ದೇ. ನಮ್ಮ ನರದಿಂದ ನರಕ್ಕೆ ಸುದ್ದಿ ಮುಟ್ಟಿಸೋಕೆ ಅಸಿಟೈಲ್‌ಕೋಲಿನ್ ಅನ್ನೋ ರಸ ಇದೆ. ಆಟೋ ಲೋವಿ ಅನ್ನೋ ವಿಜ್ಞಾನಿ 1921ರಲ್ಲಿ ಕಪ್ಪೆ ಹೃದಯ ಇಟ್ಕೊಂಡು, ನರಗಳು ರಸದ ಮೂಲಕ ಮಾತಾಡ್ತವೆ ಅಂತ ತೋರಿಸಿಕೊಟ್ರಲ್ಲ, ಅದೇ ರಸ. ಉಮ್ಮತ್ತಿಯ ಸತ್ವ ಈ ರಸದ ಬಾಗಿಲು ಮುಚ್ಚುತ್ತೆ. ಎಂಜಲು, ಬೆವರು, ಮೂತ್ರ, ಗಮನ, ನೆನಪು, ಎಲ್ಲಕ್ಕೂ ಆ ಬಾಗಿಲೇ ಬೇಕು. ನೆಗಡಿ ಮಾತ್ರೆ ಮೂಗು ಒಣಗಿಸೋದರಲ್ಲೂ, ಅಜ್ಜಿಯ ತಲೆ ಮಂಜಾಗಿಸೋದರಲ್ಲೂ ಈ ಮುಚ್ಚಿದ ಬಾಗಿಲಿನ ಪಾಲಿದೆ.

ನಮಗೆ ನಿಮಗೆ ಅದು ಬರೀ ತೂಕಡಿಕೆ. ಎಪ್ಪತ್ತು ಎಂಬತ್ತು ದಾಟಿದೋರಲ್ಲಿ ಆ ರಸವೇ ಕಮ್ಮಿಯಾಗಿರುತ್ತೆ, ಲಿವರ್ರು ಕಿಡ್ನಿ ಮಾತ್ರೆಯನ್ನ ಹೊರಗೆ ಹಾಕೋದೂ ನಿಧಾನ. ಅದರ ಮೇಲೆ ಒಂದೇ ಬಾಗಿಲು ಮುಚ್ಚೋ ಮಾತ್ರೆಗಳು ಎರಡು ಮೂರು ಸೇರ್ಕೋತವೆ. ಕಾಲು ಉರಿಗೆ ರಾತ್ರಿ ಕೊಡೋ ಅಮಿಟ್ರಿಪ್ಟಿಲಿನ್. ಪದೇ ಪದೇ ಮೂತ್ರಕ್ಕೆ ಹೋಗೋದು ತಡೆಯೋಕೆ ಆಕ್ಸಿಬ್ಯುಟಿನಿನ್. ಹೊಟ್ಟೆ ಹಿಂಡಿದ್ರೆ, ಮುಟ್ಟಿನ ನೋವಿಗೆ, ನಾವೆಲ್ಲ ನುಂಗೋ ಡೈಸೈಕ್ಲೊಮಿನ್. ಕೈ ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್. ಬೇರೆ ಬೇರೆ ಕಾಯಿಲೆ, ಬೇರೆ ಬೇರೆ ಡಾಕ್ಟರು, ಬೇರೆ ಬೇರೆ ಚೀಟಿ. ನಾಲ್ಕು ಜನ ಸೊಸೆಯಂದಿರು ಒಬ್ಬರಿಗೊಬ್ಬರು ಹೇಳದೆ ಒಂದೇ ಸಾರಿಗೆ ಉಪ್ಪು ಹಾಕಿದ ಹಾಗೆ. ಪ್ರತಿಯೊಬ್ಬಳು ಹಾಕಿದ್ದೂ ಸರಿಯಾದ ಅಳತೆಯೇ.

ನಮ್ಮ ಬೀದೀಲಿ ನಡೆದದ್ದು ಹೇಳ್ತೀನಿ, ಮನೆ ಯಾವುದು ಅಂತ ಕೇಳ್ಬೇಡಿ. ಅತ್ತೆಗೆ ಎಪ್ಪತ್ತೆಂಟು. ತಾವೇ ರಂಗೋಲಿ ಇಡ್ತಿದ್ರು, ಹಾಲಿನ ಲೆಕ್ಕ ಅವರದ್ದೇ. ನೆಗಡಿ ಅಂತ ಮೆಡಿಕಲ್ ಶಾಪಿಂದ ಮಾತ್ರೆ ತಂದ್ಕೊಟ್ರು. ಮೊದಲೇ ಮೂತ್ರದ ಮಾತ್ರೆ ಇತ್ತು, ನಿದ್ದೆ ಮಾತ್ರೆಯೂ ಇತ್ತು. ಮೂರನೇ ರಾತ್ರಿ ಅತ್ತೆ ಕಾರ್ ಶೆಡ್ಡಲ್ಲಿ ತೌರಿನ ಹಸು ಹುಡುಕ್ತಾ ನಿಂತಿದ್ರು. ಬೆಳಿಗ್ಗೆ ಸರಿ, ಸಾಯಂಕಾಲ ದೀಪ ಹಚ್ಚೋ ಹೊತ್ತಿಗೆ ಮತ್ತೆ ಅದೇ. ಐದನೇ ದಿನ ತಟ್ಟೆ ತಳ್ಳಿ, ಬಂದ ನಾದಿನಿಯರ ಮುಂದೆ ಜೋರಾಗಿ ಹೇಳಿದ್ರು: ‘ಇವಳು ಅನ್ನಕ್ಕೆ ಏನೋ ಬೆರೆಸ್ತಾಳೆ.’

ಮುಂದಿನದು ನೀವೇ ಊಹಿಸಿ. ನಾದಿನಿಯರ ಮುಖ ಬಿಗೀತು. ಒಬ್ಬರು ಮದ್ದು ತೆಗೆಸೋರ ಹತ್ರ ಕರ್ಕೊಂಡು ಹೋಗೋಣ ಅಂದ್ರು, ಇನ್ನೊಬ್ಬರು ಮನೆಪತ್ರ ಎಲ್ಲಿದೆ ಅಂತ ಕೇಳಿದ್ರು. ಗಂಡ ಮಾತಾಡ್ಲಿಲ್ಲ. ಹದಿನೆಂಟು ವರ್ಷ ಅಡುಗೆ ಮಾಡಿ ಬಡಿಸಿದ ಕೈಯಿಂದ ಒಂದು ವಾರ ಅತ್ತೆ ಊಟ ಮಾಡ್ಲಿಲ್ಲ. ಕೊನೆಗೆ ಆಸ್ಪತ್ರೇಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಮನೇಲಿರೋ ಸ್ಟ್ರಿಪ್ಪುಗಳನ್ನೆಲ್ಲ ತನ್ನಿ ಅಂದ್ರು. ರಕ್ತ, ಮೂತ್ರ ಪರೀಕ್ಷೆ ಮಾಡಿಸಿ ಬೇರೆ ಕಾರಣ ಇಲ್ಲ ಅಂತ ನೋಡ್ಕೊಂಡ್ರು. ನೆಗಡಿ ಮಾತ್ರೆ, ಮೂತ್ರದ ಮಾತ್ರೆ ನಿಲ್ಲಿಸಿದ್ರು. ನಿದ್ದೆ ಮಾತ್ರೆಯನ್ನ ಮಾತ್ರ ಒಂದೇ ಸಲಕ್ಕೆ ಬಿಡಿಸದೆ ಸ್ವಲ್ಪ ಸ್ವಲ್ಪ ಇಳಿಸಿದ್ರು. ಐದಾರು ದಿನಕ್ಕೆ ಅತ್ತೆ ಹಾಲಿನವನ ಹತ್ರ ಲೆಕ್ಕ ಕೇಳ್ತಿದ್ರು. ಅವರಿಗೆ ಆ ವಾರದ್ದು ಒಂದೂ ನೆನಪಿಲ್ಲ, ಜೇಮ್ಸ್‌ಟೌನ್ ಸಿಪಾಯಿಗಳ ಹಾಗೆ. ಸೊಸೆಗೆ ಒಂದೊಂದು ಮಾತೂ ನೆನಪಿದೆ.

ಹೀಗೆ ಭ್ರಮೆ ಹಿಡಿದಾಗ ಅನ್ನ ಕೊಡೋರ ಮೇಲೇ ಅನುಮಾನ ಬೀಳೋದು ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರೋ ವಿಷಯ. ಹತ್ತಿರ ಇರೋರು ಯಾರೋ ಅವರ ಮೇಲೆ. ಸೊಸೆಯಂದಿರು ಮಾತ್ರೆ ಕೊಟ್ಟ ಮನೆಗಳಲ್ಲಿ ಅದು ಸೊಸೆ ಮೇಲೆ ಬೀಳುತ್ತೆ. ಎಷ್ಟು ಮನೆಗಳಲ್ಲಿ ಮದ್ದು ಹಾಕಿದ ಹೆಸರು ಹೊತ್ತು ಬಾಳಿದ ಹೆಂಗಸರ ಹಿಂದೆ ಒಂದು ಜ್ವರದ ಸನ್ನಿಯೋ ಒಂದು ಪಂಡಿತರ ಲೇಹ್ಯವೋ ಇತ್ತೋ, ಯಾರು ಬಲ್ಲರು.

ಉಮ್ಮತ್ತಿ ಬಳಗ ಬಿಟ್ರೂ ಬೇರೆ ದಾರಿಗಳಿವೆ. ಅದರಲ್ಲಿ ನನಗೆ ತುಂಬ ಆಶ್ಚರ್ಯ ಆಗಿದ್ದು ಸಕ್ಕರೆ ಮಾತ್ರೆ ಹುಟ್ಟಿದ ಕಥೆ. 1942ರಲ್ಲಿ, ಯುದ್ಧದ ನಡುವೆ, ಫ್ರಾನ್ಸಿನ ಮಾಂಪೆಲಿಯೆ ಊರಿನ ಆಸ್ಪತ್ರೇಲಿ ಮಾರ್ಸೆಲ್ ಜಾಂಬೋ ಅನ್ನೋ ಡಾಕ್ಟರು ಟೈಫಾಯ್ಡ್ ರೋಗಿಗಳಿಗೆ ಹೊಸ ಸಲ್ಫಾ ಔಷಧಿ ಕೊಟ್ಟು ನೋಡಿದ್ರು. ಕೆಲವರು ಗೊಂದಲಕ್ಕೆ ಬಿದ್ರು, ಫಿಟ್ಸ್ ಬಂತು, ಸಾವೂ ಆಯ್ತು. ಜ್ವರದ ಸನ್ನಿ ಅಂತ ಬಿಟ್ಟುಬಿಡಬಹುದಾಗಿತ್ತು, ಟೈಫಾಯ್ಡಲ್ಲಿ ಸನ್ನಿ ಮಾಮೂಲು. ಅವರು ಬಿಡ್ಲಿಲ್ಲ. ರಕ್ತ ನೋಡಿದ್ರೆ ಸಕ್ಕರೆ ಪಾತಾಳಕ್ಕಿಳಿದಿತ್ತು. ಅವರ ಜೊತೆಯ ಒಗುಸ್ಟ್ ಲುಬಾಟಿಯೆರ್ ಅನ್ನೋರು, ಆ ಔಷಧಿ ಮೇದೋಜೀರಕವನ್ನ ಚುಚ್ಚಿ ಇನ್ಸುಲಿನ್ ಬಿಡಿಸುತ್ತೆ ಅಂತ ಕಂಡುಹಿಡಿದ್ರು. ಅಲ್ಲಿಂದ 1950ರ ದಶಕದಲ್ಲಿ ಸಕ್ಕರೆ ಕಾಯಿಲೆ ಮಾತ್ರೆಗಳು ಬಂದ್ವು, ಆಮೇಲೆ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್. ಬುದ್ಧಿ ಕೆಡಿಸಿದ್ದೇ ಅದರ ಹುಟ್ಟಿನ ಗುರುತು.

ಇದು ನಮ್ಮ ಮನೆಗಳಿಗೆ ಯಾಕೆ ಬೇಕು ಅಂದ್ರೆ, ನಮ್ಮ ಅಮ್ಮ ಅತ್ತೆಯರು ಏಕಾದಶಿ ಬಿಡೋದಿಲ್ಲ, ಸಂಕಷ್ಟಿ ಬಿಡೋದಿಲ್ಲ. ಮಾತ್ರೆ ಮಾತ್ರ ‘ಡಾಕ್ಟರು ತಪ್ಪಿಸಬೇಡಿ ಅಂದಿದಾರೆ’ ಅಂತ ಬರಿ ಹೊಟ್ಟೇಲಿ ನುಂಗ್ತಾರೆ. ಸಾಯಂಕಾಲ ಚಂದ್ರ ಹುಟ್ಟೋ ಹೊತ್ತಿಗೆ ಬೆವರು, ಕೈ ನಡುಕ, ತೊದಲು, ಯಾರ ಮೇಲೋ ಸಿಟ್ಟು. ದೇವರು ಬಂದ ಹಾಗೆ ಇದೆ ಅಂದೋರನ್ನೂ ನಾನು ಕೇಳಿದೀನಿ. ಉಮ್ಮತ್ತಿ ಬಗೆಯದ್ದರಲ್ಲಿ ಮೈ ಒಣಗಿರುತ್ತೆ, ಸಕ್ಕರೆ ಇಳಿದ್ರೆ ಸಾಮಾನ್ಯವಾಗಿ ತಣ್ಣನೆ ಬೆವರು. ಸಕ್ಕರೆ ಮಾತ್ರೆ ತಗೊಳ್ಳೋರು ಹೀಗಾದ್ರೆ ಮನೇಲಿ ಮೀಟರ್ ಇದ್ರೆ ಚುಚ್ಚಿ ನೋಡಿ. ಇಲ್ಲದಿದ್ರೆ ಕಾಯ್ಬೇಡಿ, ಎಚ್ಚರ ಇದ್ದು ನುಂಗೋಕೆ ಆಗುತ್ತೆ ಅಂದ್ರೆ ಸಕ್ಕರೆ ನೀರು ಕೊಡಿ. ಎಚ್ಚರ ಇಲ್ಲದಿದ್ರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಹೊರಡಿ. ಹಳೇ ಸಕ್ಕರೆ ಮಾತ್ರೆ ಮೈಯಲ್ಲಿ ಬಹಳ ಹೊತ್ತು ಇರುತ್ತೆ, ಒಮ್ಮೆ ಚೇತರಿಸಿಕೊಂಡ್ರೂ ಮತ್ತೆ ಇಳಿಯಬಹುದು, ಹಾಗಾಗಿ ಡಾಕ್ಟರಿಗೆ ತೋರಿಸೋದು ಬಿಡೋ ಹಾಗಿಲ್ಲ.

‘ಸೋಡಿಯಂ ಕಮ್ಮಿ ಆಗಿದೆಯಂತೆ’ ಅನ್ನೋದು ಈಗ ಮೈಸೂರಿನ ಮದುವೆ ಮನೆಗಳಲ್ಲೂ ಕೇಳೋ ಮಾತು. ಅದರ ಹಿಂದೆ ಹಲವು ಸಲ 1950ರ ದಶಕದ ಕೊನೇಲಿ ಬಂದ ಬಳಗದ ಬಿಪಿ ಮಾತ್ರೆ ಇರುತ್ತೆ, ಮೂತ್ರದಲ್ಲಿ ಉಪ್ಪು ಹೊರಗೆ ಹಾಕೋ ಥಯಝೈಡ್ ಅನ್ನೋದು. ಬಹಳಷ್ಟು ಜೋಡಿ ಬಿಪಿ ಮಾತ್ರೆಗಳ ಹೆಸರಿನ ಕೊನೇಲಿ ಒಂದು ‘ಎಚ್’ ಇರುತ್ತೆ, ನೋಡಿ. ಅದೇ ಇದು. ಒಳ್ಳೇ ಮಾತ್ರೆ, ಬಹಳ ಜನರ ಜೀವ ಉಳಿಸಿದೆ. ಆದ್ರೆ ವಾಂತಿ ಭೇದಿ ಆದಾಗ, ಊಟ ಸೇರದಾಗ, ಅದರ ಮೇಲೆ ನಾವು ಉಪ್ಪಿಲ್ಲದ ಸಾರು ಬೇರೆ ಮಾಡಿ ಹಾಕಿದಾಗ, ಉಪ್ಪು ತೀರಾ ಇಳಿದು ಮಂಕು ಕವಿಯುತ್ತೆ.

ಕ್ಷಯದ ಮಾತ್ರೆಗಳ ವಿಷಯಕ್ಕೆ ನಮ್ಮ ಕಡೆಯದೇ ಒಂದು ಜಾಗ ಇದೆ. ಕೆಆರ್‌ಎಸ್ ರಸ್ತೆಯ ಪಿಕೆಟಿಬಿ ಆಸ್ಪತ್ರೆ ಗೊತ್ತಲ್ಲ, ಈಗ ಆ ಆವರಣದಲ್ಲೇ ಜಯದೇವ ಹೃದ್ರೋಗದ ಆಸ್ಪತ್ರೆಯೂ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕತಂಗಿಯರಲ್ಲಿ ಒಬ್ಬರಾದ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡ್ರು. ಅವರ ಹೆಸರಲ್ಲಿ 1920ರ ದಶಕದ ಮೊದಲಿಗೆ ಆದ ಸ್ಯಾನಟೋರಿಯಂ ಅದು. ಆಗ ಅಲ್ಲಿ ಔಷಧಿ ಅಂದ್ರೆ ಗಾಳಿ, ಬಿಸಿಲು, ಹಾಲು ಮೊಟ್ಟೆ. ಅರಮನೆಯೋರಿಗೂ ಅದಕ್ಕಿಂತ ಹೆಚ್ಚಿನದು ಇರಲಿಲ್ಲ. 1952ರಲ್ಲಿ ಐಸೊನಿಯಝಿಡ್ ಬಂದ ಮೇಲೆ ಲೋಕವೇ ಬದಲಾಯ್ತು. ಅದೇ ವರ್ಷ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೇಲಿ ಈ ಜಾತಿ ಮಾತ್ರೆ ನುಂಗಿದ ರೋಗಿಗಳು ಹಾಸಿಗೆಯಿಂದೆದ್ದು ಕುಣಿದಿದ್ದು ಪತ್ರಿಕೇಲಿ ಬಂತು. ಕುಣಿತ ಬರೀ ಖುಷಿಗಲ್ಲ, ಮಾತ್ರೆ ಮನಸ್ಸಿನ ಮೇಲೂ ಕೆಲಸ ಮಾಡ್ತಿದೆ ಅಂತ ಆಮೇಲೆ ತಿಳೀತು. ಐಸೊನಿಯಝಿಡ್ ಕೆಲವರಲ್ಲಿ ಭ್ರಮೆ ತರುತ್ತೆ. 1955ರ ಹೊತ್ತಿಗೆ ಬಂದ ಸೈಕ್ಲೊಸೆರಿನ್ ಇನ್ನೂ ಹೆಚ್ಚು. ಅದಕ್ಕೇ ಇವುಗಳ ಜೊತೆ ಬಿ6 ವಿಟಮಿನ್ ಕೊಡೋದು. ಕ್ಷಯದ ಮಾತ್ರೆ ಮಧ್ಯೆ ಬಿಟ್ರೆ ಜೀವಕ್ಕೇ ಅಪಾಯ, ಆದ್ದರಿಂದ ಅಂಥ ಮನೇಲಿ ಯಾರಾದ್ರೂ ಬಡಬಡಿಸಿದ್ರೆ ಮಾತ್ರೆ ಬಚ್ಚಿಡೋದಲ್ಲ, ಅವತ್ತೇ ಕೇಂದ್ರಕ್ಕೆ ಹೋಗಿ ಹೇಳೋದು.

ಇಷ್ಟೆಲ್ಲ ಗೊತ್ತಿದ್ರೂ ಡಾಕ್ಟರುಗಳ ಲೋಕವೇ ಬಹಳ ಕಾಲ ಈ ಸನ್ನಿಯನ್ನ ಲೆಕ್ಕಕ್ಕೆ ಹಿಡೀಲಿಲ್ಲ. ಇಂಗ್ಲಿಷಿನಲ್ಲಿ ಡೆಲಿರಿಯಮ್ ಅಂತಾರೆ. ಲ್ಯಾಟಿನ್ನಿನಲ್ಲಿ ಅದರ ಮೂಲ, ನೇಗಿಲು ಸಾಲು ಬಿಟ್ಟು ಆಚೆ ಹೋಗೋದು. ಹೊಲ ಉತ್ತೋರ ಮನೆಯ ನಮಗೆ ಅದನ್ನ ಯಾರೂ ವಿವರಿಸಬೇಕಾಗಿಲ್ಲ. 1990ರಲ್ಲಿ ಅಮೆರಿಕದ ಶರಾನ್ ಇನೂಯೆ ಅನ್ನೋ ಡಾಕ್ಟರಮ್ಮ, ಹಾಸಿಗೆ ಪಕ್ಕ ನಿಂತು ಕೆಲವೇ ನಿಮಿಷದಲ್ಲಿ ಇದನ್ನ ಗುರುತಿಸೋ ದಾರಿ ಮಾಡಿಕೊಟ್ರು. ದಿಢೀರ್ ಅಂತ ಬಂದು ಹೊತ್ತಿಗೊಂದು ರೀತಿ ಇರೋದು, ಗಮನ ನಿಲ್ಲದಿರೋದು, ಇವೆರಡೂ ಇರಲೇಬೇಕು. ಜೊತೆಗೆ ಮಾತು ಅಡ್ಡಾದಿಡ್ಡಿ ಆಗಿರಬೇಕು, ಇಲ್ಲ ಎಚ್ಚರವೇ ಹೆಚ್ಚುಕಮ್ಮಿ ಆಗಿರಬೇಕು. ಅದರ ಮರುವರ್ಷ 1991ರಲ್ಲಿ ಮಾರ್ಕ್ ಬಿಯರ್ಸ್ ಅನ್ನೋ ಇನ್ನೊಬ್ಬ ಡಾಕ್ಟರು, ವಯಸ್ಸಾದೋರಿಗೆ ಆದಷ್ಟೂ ಕೊಡಬಾರದ ಮಾತ್ರೆಗಳ ಪಟ್ಟಿ ಮಾಡಿದ್ರು. ಅವರು ನೋಡಿದ್ದು ವೃದ್ಧಾಶ್ರಮದ ಮುದುಕರನ್ನ. ಆ ಪಟ್ಟಿಯನ್ನ ಈಗಲೂ ತಿದ್ದಿ ತಿದ್ದಿ ಹೊಸದು ಮಾಡ್ತಾನೇ ಇದಾರೆ. ಮೇಲೆ ಹೇಳಿದ ಹಳೇ ನೆಗಡಿ ಮಾತ್ರೆ, ಅಮಿಟ್ರಿಪ್ಟಿಲಿನ್, ಗ್ಲಿಬೆನ್‌ಕ್ಲಮೈಡ್, 1960ರ ದಶಕದಿಂದ ಮನೆ ಮನೆಗೆ ಹರಡಿದ ಡಯಝೆಪಮ್ ಜಾತಿ ನಿದ್ದೆ ಮಾತ್ರೆ, ಎಲ್ಲ ಅದರಲ್ಲಿವೆ.

ಡಾಕ್ಟರಮ್ಮ ಹೇಳಿದ ಇನ್ನೊಂದು ಮಾತು ನನ್ನ ತಲೇಲಿ ಕೂತಿದೆ. ಕೂಗಾಡೋ ಸನ್ನಿ ಎಲ್ಲರ ಕಣ್ಣಿಗೂ ಬೀಳುತ್ತೆ. ವಯಸ್ಸಾದೋರಲ್ಲಿ ಹೆಚ್ಚಾಗಿ ಬರೋದು ಮೂಕ ಸನ್ನಿ. ಕರೆದ್ರೆ ‘ಹೂಂ’, ಇಲ್ಲದಿದ್ರೆ ಕಣ್ಣು ಮುಚ್ಕೊಂಡು ಗೋಡೆ ಕಡೆ ತಿರುಗಿ ಮಲಗೋದು, ತುತ್ತು ಬಾಯಲ್ಲೇ ಉಳಿಯೋದು. ‘ಪಾಪ, ಯಾರಿಗೂ ತೊಂದರೆ ಇಲ್ಲದೆ ಮಲಗಿದಾರೆ’ ಅಂತ ನಾವು ನೆಮ್ಮದಿ ಪಡ್ತೀವಿ. ಮೂತ್ರದ ಸೋಂಕು, ನ್ಯುಮೋನಿಯಾ, ತಲೆಗೆ ಬಿದ್ದ ಪೆಟ್ಟು, ಲಕ್ವ, ಇವೂ ಹೀಗೇ ಶುರುವಾಗ್ತವೆ. ಮಾತ್ರೆದೋ ಬೇರೆದೋ ಅನ್ನೋದು ಮನೇಲಿ ಕೂತು ತೀರ್ಮಾನ ಮಾಡೋದಲ್ಲ, ಎರಡಕ್ಕೂ ಅವತ್ತೇ ಹೋಗಬೇಕು. ಹೋಗುವಾಗ ಡಬ್ಬೀಲಿರೋದನ್ನೆಲ್ಲ ಒಂದು ಬಟ್ಟೆ ಚೀಲಕ್ಕೆ ಸುರ್ಕೊಂಡು ಹೋಗಿ. ಇಂಗ್ಲಿಷ್ ಮಾತ್ರೆ, ಪಂಡಿತರ ಪುಡಿ, ಕೆಮ್ಮಿನ ಸಿರಪ್ಪು, ಪಕ್ಕದ ಮನೆಯೋರು ಕೊಟ್ಟ ನೋವಿನ ಮಾತ್ರೆ, ಎಲ್ಲಾನೂ. ಯಾವುದು ಹೊಸದಾಗಿ ಸೇರಿದ್ದು, ಯಾವುದು ಈ ತಿಂಗಳು ತರೋದು ಮರ್ತು ನಿಂತುಹೋಯ್ತು ಅಂತ ಹೇಳಿ. ದಿನಾ ತಗೊಳ್ತಿದ್ದ ನಿದ್ದೆ ಮಾತ್ರೆ ದಿಢೀರ್ ಅಂತ ನಿಂತ್ರೂ ಸನ್ನಿ ಬರುತ್ತೆ.

ಆ ಬೀದಿಯ ಸೊಸೆ ಈಗ ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಒಂದು ಹಾಳೆ ಅಂಟಿಸಿದಾಳೆ. ಮಾತ್ರೆ ಹೆಸರು, ಯಾವತ್ತು ಶುರು, ಬರೆದುಕೊಟ್ಟೋರು ಯಾರು. ಹೊಸ ಮಾತ್ರೆ ಬಂದ ದಿನ ಕೆಂಪು ಶಾಯಿ. ಹಾಳೆಯ ಒಂದು ನಕಲು ನಾದಿನಿಯರಿಗೂ ಕಳಿಸಿದಾಳೆ. ಅತ್ತೆಯ ಕೈಗೆ ಮಾತ್ರೆ ಕೊಡುವಾಗ ಈಗ ಒಬ್ಬಳೇ ಇರೋದಿಲ್ಲ, ಗಂಡನನ್ನೋ ಮಗನನ್ನೋ ಪಕ್ಕದಲ್ಲಿ ನಿಲ್ಲಿಸ್ಕೊಳ್ತಾಳೆ.